ಗುಂಜಿ–ಚಿಕಾಗೋ ಸಿದ್ಧಾಂತ: ‘ಯೂ ಡೋಂಟ್ ನೋ ಜ್ಯಾಕ್’ ಎಂಬ ಆಟದ ಮೂಲಸ್ಥಾನ ನಿರ್ಣಯ

1995ರಲ್ಲಿ ಅಮೆರಿಕದಲ್ಲಿ ‘ಯೂ ಡೋಂಟ್ ನೋ ಜ್ಯಾಕ್’ ಎಂಬ ಕಂಪ್ಯೂಟರ್ ಆಟ ಹುಟ್ಟಿತೆಂದು ಲೋಕ ನಂಬಿದೆ. ಬರೆದದ್ದು ಚಿಕಾಗೋದ ಜೆಲ್ಲಿವಿಷನ್. ಹೊರತಂದದ್ದು ಬರ್ಕ್ಲಿ ಸಿಸ್ಟಮ್ಸ್, ಅಂದರೆ ಖಾಲಿ ಪರದೆಯ ಮೇಲೆ ರೆಕ್ಕೆಯ ಟೋಸ್ಟರುಗಳನ್ನು ಹಾರಿಸಿ ಹೆಸರಾದ ಕಂಪನಿ. ಇದು ಪೂರ್ವಪಕ್ಷ. ಈ ಆಟದ ನಿಜವಾದ ಮೂಲ ಬೆಳಗಾವಿ ಸೀಮೆಯ ಖಾನಾಪುರ ತಾಲೂಕಿನ ಗುಂಜಿ ಎಂಬುದು ನಮ್ಮ ಪಕ್ಷ.

ಮೊದಲು ಆಟದ ಲಕ್ಷಣ. ಒಂದೇ ಕೀಬೋರ್ಡಿನ ಮುಂದೆ ಮೂವರು ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಒಬ್ಬನಿಗೆ ಕ್ಯೂ, ಒಬ್ಬನಿಗೆ ಬಿ, ಇನ್ನೊಬ್ಬನಿಗೆ ಪಿ. ನಿರೂಪಕನ ಮುಖ ಕಾಣುವುದಿಲ್ಲ, ದನಿ ಮಾತ್ರ. ಮಹಾಕಾವ್ಯವನ್ನೂ ಟಿ.ವಿ. ಜಾಹೀರಾತನ್ನೂ ಒಂದೇ ಪ್ರಶ್ನೆಯಲ್ಲಿ ಕಲಸಿ ಕೇಳುತ್ತಾನೆ. ತಪ್ಪಿದರೆ ದುಡ್ಡು ಕಳೆದು ಬೈಯುತ್ತಾನೆ, ಸುಮ್ಮನಿದ್ದರೆ ಸುಮ್ಮನಿದ್ದದ್ದಕ್ಕೆ ಬೈಯುತ್ತಾನೆ. ‘ಸ್ಕ್ರೂ’ ಎಂಬ ದಿವ್ಯಾಸ್ತ್ರವೂ ಉಂಟು: ಪಕ್ಕದವನಿಗೆ ಉತ್ತರ ಬಾರದೆಂಬ ದೃಢನಂಬಿಕೆಯಿದ್ದರೆ ಅವನನ್ನೇ ಮುಂದಕ್ಕೆ ನೂಕಿ ಮಜಾ ನೋಡಬಹುದು.

ಈ ಲಕ್ಷಣಗಳನ್ನು ಓದಿದ ಬೆಳಗಾವಿ ಸೀಮೆಯ ಯಾರಿಗಾದರೂ ಹರದೇಶಿ–ನಾಗೇಶಿ ಸವಾಲ್–ಜವಾಬ್ ನೆನಪಾಗದಿದ್ದರೆ ಅವರು ಗೀಗೀ ಮೇಳದ ಎದುರು ರಾತ್ರಿ ಕಳೆದವರಲ್ಲ. ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು. ದಪ್ಪು ಬಡಿದು, ತುಂತುಣಿ ಮಿಡಿದು, ಪುರಾಣದಿಂದ ಒಂದು ತೊಡಕಿನ ಪ್ರಶ್ನೆ ಎತ್ತಿ ಎದುರಿನವರ ಮೇಲೆ ಒಗೆಯುತ್ತಾರೆ. ಜವಾಬು ತಡವಾಯಿತೋ, ಮುಂದಿನ ನುಡಿಯಲ್ಲಿ ಅವರ ಮಾನ ಉಳಿಯುವುದಿಲ್ಲ. ಜನ ಕೂತದ್ದು ಜವಾಬಿಗಲ್ಲ, ಜವಾಬು ತಪ್ಪಿದಾಗ ಬರುವ ಮಾತಿಗೆ. ಜ್ಯಾಕ್‌ಗೆ ಸೇರಿದ್ದು ಸಿ.ಡಿ. ಒಂದೇ. ಇದು ಪ್ರತ್ಯಕ್ಷ ಪ್ರಮಾಣ.

ವಿದ್ಯೆ ಇಲ್ಲಿಂದ ಅಲ್ಲಿಗೆ ಹೋದ ದಾರಿ ಯಾವುದು? ರೈಲು. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಯಲ್ಲಿದ್ದರು. ಆತಿಥ್ಯ ಕೊಟ್ಟ ಅರಣ್ಯಾಧಿಕಾರಿ ಹರಿಪದ ಮಿತ್ರರು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಸ್ವಾಮೀಜಿ ಒಮ್ಮೆ ಡಿಕನ್ಸನ ಹಾಸ್ಯಕಾದಂಬರಿ ‘ಪಿಕ್‌ವಿಕ್ ಪೇಪರ್ಸ್’ನ ಪುಟಗಳನ್ನೇ ಬಾಯಿಪಾಠ ಒಪ್ಪಿಸಿ ಅವರನ್ನು ಬೆರಗುಗೊಳಿಸಿದರು. ವೇದಾಂತ ಮತ್ತು ಹಾಸ್ಯ ಒಂದೇ ಕೋಣೆಯಲ್ಲಿ! ಬಳಿಕ ಅವರು ಗೋವೆಯ ಕಡೆ ರೈಲು ಹತ್ತಿದರು. ಆ ಹಳಿ ಖಾನಾಪುರ ದಾಟಿ, ಗುಂಜಿ ದಾಟಿ, ಲೋಂಡಾಕ್ಕೆ ಹೋಗುತ್ತದೆ. ಮರುವರ್ಷ ಅವರು ಎಲ್ಲಿದ್ದರು? ಚಿಕಾಗೋದಲ್ಲಿ. ಜೆಲ್ಲಿವಿಷನ್ ಎಲ್ಲಿದೆ? ಚಿಕಾಗೋದಲ್ಲಿ. ನಡುವೆ ನೂರು ವರ್ಷ ಏನಾಗುತ್ತಿತ್ತೆಂದು ಕೇಳುವವರು ಸಂಶೋಧನೆಯ ವೈರಿಗಳು.

ಆಟವನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಹಚ್ಚಿ ನೋಡಿದಾಗ ಸಿಕ್ಕ ಪ್ರಮಾಣ ಎಲ್ಲಕ್ಕಿಂತ ಗಟ್ಟಿ. ಪ್ರಶ್ನೆಗಳು ಹಳಸಿವೆ. ತೊಂಬತ್ತರ ದಶಕದ ಅಮೆರಿಕದ ಧಾರಾವಾಹಿ, ಅಂದಿನ ಸೋಪಿನ ಜಾಹೀರಾತು, ಕ್ಲಿಂಟನ್ ಕಾಲದ ಚೇಷ್ಟೆ ಇವನ್ನೆಲ್ಲ ಇಂದು ಚಿಕಾಗೋದ ಹುಡುಗರೂ ಅರಿಯರು. ಆದರೆ ಉತ್ತರ ತಪ್ಪಿದಾಗ ಆ ನಿರೂಪಕ ಎಳೆಯುವ ರಾಗ ಮೊನ್ನೆ ಬೈದಷ್ಟು ತಾಜಾ ಇದೆ. ಜ್ಞಾನ ಅನಿತ್ಯ, ಬೈಗುಳ ನಿತ್ಯ. ಇದು ಗೀಗೀ ಮೇಳದವರಿಗೆ ಮೊದಲೇ ತಿಳಿದಿತ್ತು. ಈ ತತ್ತ್ವ ಮರೆತು 2001ರಲ್ಲಿ ಪಾಲ್ ರೂಬೆನ್ಸ್ ಎಂಬ ನಟನ ಮುಖ ಹಚ್ಚಿ ಟಿ.ವಿ.ಗೆ ತಂದರು, ಆರು ಕಂತಿಗೆ ಮುಗಿಯಿತು. ಆಮೇಲಿನ ಅವತಾರಗಳಲ್ಲಿ ಮೊಬೈಲೇ ಗುಂಡಿಯಾಗಿ, ಮೊಣಕೈ ತಿವಿತವೂ ಹೋಯಿತು.

ನಮ್ಮ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯನ್ನು ಎದುರುಸಾಕ್ಷಿಯಾಗಿ ತರುವವರುಂಟು. 2002ರಿಂದ ಡಾ. ನಾ. ಸೋಮೇಶ್ವರರು ಪ್ರಶ್ನೆ ಕೇಳಿ, ಸರಿಯುತ್ತರಕ್ಕೆ ಪುಸ್ತಕ ಕೊಡುತ್ತ ಬಂದಿದ್ದಾರೆ. ಒಮ್ಮೆಯೂ ಬೈದಿಲ್ಲ. ಇಷ್ಟು ಸಜ್ಜನಿಕೆಯ ಕಾರ್ಯಕ್ರಮವನ್ನು ಈ ಪ್ರಬಂಧದಲ್ಲಿ ಚರ್ಚಿಸುವುದು ಶೋಭೆಯಲ್ಲ.

ಸಿದ್ಧಾಂತದ ಪ್ರಯೋಗಕ್ಕೆ ಗುಂಜಿ ಆವೃತ್ತಿಯ ಒಂದು ಮಾದರಿ. ಜ್ಯಾಕ್‌ನ ‘ಡಿಸ್ ಆರ್ ಡ್ಯಾಟ್’ ಸುತ್ತಿನಂತೆ ಏಳು ಹೆಸರು, ಮೂವತ್ತು ಸೆಕೆಂಡು. ಇದು ಲೋಂಡಾ ಲೈನಿನ ಸ್ಟೇಷನ್ನೋ, ತಿನ್ನುವ ಪದಾರ್ಥವೋ: ದೇಸೂರ, ಕುಂದಾ, ಇದಲಹೊಂಡ, ಮಾಂಡೆ, ಖಾನಾಪುರ, ಕರದಂಟು, ಗುಂಜಿ. ತಪ್ಪಿದವನಿಗೆ ನಿರೂಪಕ: “ಲೇ ತಮ್ಮಾ, ಇದಲಹೊಂಡ ತಿನ್ನಾಕ ಹೊಂಟೀಯೇನ್? ಹಲ್ಲ ಮುರದಾವು, ಸ್ಟೇಷನ್ ಐತಿ ಅದು! ಮುಂದಿನ ಗಾಡಿಗೆ ಮನೀಗೆ ಹೋಗು, ಅವ್ವ ಕಾಯಾಕತ್ಯಾಳ.”

ಸವಾಲ್–ಜವಾಬ್ ಮರಾಠಿ ಲಾವಣಿಯದು, ಆದ್ದರಿಂದ ಜ್ಯಾಕ್ ತಮಗೇ ಸೇರಬೇಕೆಂಬ ಕೂಗು ಗಡಿಯ ಆಚೆಯಿಂದ ಏಳುವುದು ಖಚಿತ. ಕರ್ನಾಟಕ–ಮಹಾರಾಷ್ಟ್ರ ಗಡಿತಂಟೆಯ ಮಹಾಜನ ಆಯೋಗದ ವರದಿಯಲ್ಲಿ ಇದಕ್ಕೆ ಪರಿಹಾರ ಹುಡುಕಬೇಡಿ. ವರದಿ 1967ರದು, ಸಿ.ಡಿ. 1995ರದು, ಹೊಸ ಆಯೋಗವೇ ಆಗಬೇಕು. ಸದಸ್ಯರು ಮೂವರಿರಲಿ, ಕೀಬೋರ್ಡು ಒಂದೇ ಇರಲಿ.