ಚಿತ್ರೋತ್ಸವವೂ ಬೆಂದುಹೋದ ಆಲೂಗಡ್ಡೆಯೂ

ಚಲನಚಿತ್ರೋತ್ಸವಗಳನ್ನು ಏರ್ಪಡಿಸತಕ್ಕ ಮಹನೀಯರಿಗೆ ಮನೆ, ಮಕ್ಕಳು, ಪರೀಕ್ಷೆ ಎಂಬಿವು ಇರುವುದಿಲ್ಲವೋ, ಅಥವಾ ಇದ್ದರೂ ಅವುಗಳ ಭಾರವನ್ನು ಹೊರತಕ್ಕವರು ಬೇರೊಬ್ಬರಿರುವರೋ ನಾನರಿಯೆ. ಆದರೆ 2025ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು ಯಾವ ಮಾರ್ಚ್ 1ರಂದು ಆರಂಭವಾಯಿತೋ ಅದೇ ಮಾರ್ಚ್ 1ರಂದು ದ್ವಿತೀಯ ಪಿಯುಸಿ ಪರೀಕ್ಷೆಯೂ ಆರಂಭವಾಯಿತೆಂಬುದು ಮಾತ್ರ ನಿರ್ವಿವಾದವಾದ ಸಂಗತಿ. ರಾಜಾಜಿನಗರದ ಮಾಲಿನಲ್ಲಿ ದೇಶದೇಶಾಂತರಗಳ ಚಿತ್ರಗಳು ಸಾಲಾಗಿ ಓಡುತ್ತಿದ್ದ ಆ ಪುಣ್ಯದಿನಗಳಲ್ಲಿ ನಾನು ನಮ್ಮ ಹಿರಿಯ ಮಗಳಿಗಾಗಿ ಬಾದಾಮಿ ನೆನೆಹಾಕುತ್ತ, ಅವಳು ಒಪ್ಪಿಸುತ್ತಿದ್ದ ರಸಾಯನಶಾಸ್ತ್ರಕ್ಕೆ ಅರ್ಥವಾದವಳಂತೆ ತಲೆದೂಗುತ್ತ ಕುಳಿತಿದ್ದೆ. ಆದಕಾರಣ, ಪರೀಕ್ಷೆಯೂ ಫಲಿತಾಂಶವೂ ಕಾಲೇಜಿನ ಸೀಟೂ ಮುಗಿದು ಉಸಿರು ಬಿಟ್ಟ ಮೇಲೆ, ಒಂದು ಫಿಲಂ ಸೊಸೈಟಿಯವರು ಸಣ್ಣ ಪ್ರಮಾಣದಲ್ಲಿ ನಡೆಸಿದ ಉತ್ಸವವೊಂದರಲ್ಲಿ ನನ್ನ ಚಿತ್ರೋತ್ಸವ ದೀಕ್ಷೆಯಾಯಿತು.

ಅಲ್ಲಿ ನಾನು ಚಿತ್ರವನ್ನು ಆರಿಸಿಕೊಂಡ ಮಾನದಂಡವನ್ನು ಕೇಳಿದರೆ ರಸಿಕರು ಕಿವಿ ಮುಚ್ಚಿಕೊಂಡಾರು. ಪಟ್ಟಿಯಲ್ಲಿ ಅತ್ಯಂತ ದೀರ್ಘವಾದುದು ಯಾವುದೆಂದು ನೋಡಿದೆ. 201 ನಿಮಿಷ ಎಂದಿತ್ತು. ಮೂರು ಗಂಟೆ ಇಪ್ಪತ್ತೊಂದು ನಿಮಿಷಗಳ ಕಾಲ ಕತ್ತಲೆಯಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕುಳಿತಿರಬಹುದು. ಆ ಅವಧಿಯಲ್ಲಿ ಯಾರೂ ನನ್ನನ್ನು ‘ಅಮ್ಮಾ, ನನ್ನ ಇನ್ನೊಂದು ಸಾಕ್ಸ್ ಎಲ್ಲಿ?’ ಎಂದು ಕೇಳಲಾರರು! ಚಿತ್ರದ ಹೆಸರೋ, ಒಂದು ಅಂಚೆಯ ವಿಳಾಸ: ‘ಝಾನ್ ಡೀಲ್ಮನ್, 23 ಕೇ ದ್ಯು ಕಮೆರ್ಸ್, 1080 ಬ್ರಸೆಲ್ಸ್’. ಬೆಲ್ಜಿಯಂ ದೇಶದ ಶಾಂತಾಲ್ ಅಕರ್ಮನ್ ಎಂಬಾಕೆ ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, 1975ರಲ್ಲಿ, ತೆರೆಗೆ ತಂದದ್ದು. ಇಂಗ್ಲೆಂಡಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯವರು ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಸಂಗ್ರಹಿಸಿ ಪ್ರಕಟಿಸುವ ಸರ್ವಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 2022ರಲ್ಲಿ ಇದಕ್ಕೆ ಅಗ್ರಸ್ಥಾನ ದೊರೆಯಿತಂತೆ. ಸ್ತ್ರೀಯೊಬ್ಬಳ ಚಿತ್ರ ಆ ಪೀಠವನ್ನೇರಿದ್ದು ಅದೇ ಮೊದಲಂತೆ. ಇದೆಲ್ಲವನ್ನೂ ಬಾಗಿಲಲ್ಲಿ ಕೊಟ್ಟ ಕಾಗದದಲ್ಲಿ ಓದಿ, ನಾನು ಶ್ರೇಷ್ಠವಾದುದನ್ನೇ ಆರಿಸಿದ್ದೇನೆಂದು ಸ್ವಲ್ಪ ಬೀಗಿದೆನೆಂಬುದನ್ನು ಮುಚ್ಚಿಡುವುದಿಲ್ಲ.

ಹೊರಡುವ ಮುನ್ನ ಮಾಡಿಟ್ಟ ಸಿದ್ಧತೆಗಳ ವರ್ಣನೆ ಬೇಡ. ಹುಳಿ, ಪಲ್ಯ, ಅತ್ತೆಯವರ ಮಾತ್ರೆ, ಇಸ್ತ್ರಿಯವನ ಬಾಕಿ, ನೀರಿನ ಮೋಟರು — ಎಲ್ಲವನ್ನೂ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ನಮ್ಮವರಿಗೆ ಓದಿ ಹೇಳಿ, ಆಟೋ ಹತ್ತಿದೆ.

ದೀಪಗಳಾರಿದವು. ತೆರೆಯ ಮೇಲೆ ಒಂದು ಅಡುಗೆಮನೆ ಕಾಣಿಸಿತು.

ಅಡುಗೆಮನೆಯಿಂದ ತಪ್ಪಿಸಿಕೊಂಡು, ಊರಿನ ಅರ್ಧ ಭಾಗವನ್ನು ದಾಟಿ, ಹಣ ತೆತ್ತು ಕುಳಿತವಳ ಮುಂದೆ ಆ ಅಡುಗೆಮನೆ ಮೂರು ಗಂಟೆಗಳ ಪರ್ಯಂತ ಪ್ರಾಯಶಃ ಹಾಗೆಯೇ ನಿಂತಿತು. ಕಥೆಯೆಂದರೆ ಇಷ್ಟೆ: ಒಬ್ಬ ವಿಧವೆ, ಆಕೆಗೊಬ್ಬ ಬೆಳೆದ ಮಗ. ಆಕೆ ಹಾಸಿಗೆ ಮಡಿಸುತ್ತಾಳೆ, ಬೂಟಿಗೆ ಪಾಲಿಷ್ ಹಾಕುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ತಪ್ಪದೆ ದೀಪ ಆರಿಸುತ್ತಾಳೆ (ಈ ಗುಣವನ್ನು ಕಂಡು ನನಗೆ ಆಕೆಯ ಮೇಲೆ ಹುಟ್ಟಿದ ಗೌರವ ಚಿತ್ರದ ಕೊನೆಯವರೆಗೂ ಅಳಿಯಲಿಲ್ಲ), ಮತ್ತು ಜೀವನೋಪಾಯಕ್ಕಾಗಿ ಮಧ್ಯಾಹ್ನಕ್ಕೊಬ್ಬನಂತೆ ಗಂಡಸರನ್ನು ಮನೆಗೆ ಬರಗೊಡುತ್ತಾಳೆ. ಕೋಣೆಯ ಬಾಗಿಲು ಮುಚ್ಚುತ್ತದೆ. ಕ್ಯಾಮರಾ ಮರ್ಯಾದಸ್ಥರಂತೆ ಹೊರಗೇ ನಿಲ್ಲುತ್ತದೆ. ಆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತಿರಬಹುದೆಂದು ಸಭಾಸದರೆಲ್ಲ ಊಹಿಸುತ್ತಿದ್ದಾಗ ನನ್ನ ಚಿತ್ತವು ಇದ್ದದ್ದು ಒಂದೇ ಕಡೆ: ಒಲೆಯ ಮೇಲೆ ಆಕೆ ಆಲೂಗಡ್ಡೆ ಬೇಯಲಿಟ್ಟು ಬಂದಿದ್ದಳು.

ಈ ಆಲೂಗಡ್ಡೆಯ ವಿಚಾರವನ್ನು ನಾನು ಸಾವಕಾಶವಾಗಿಯೇ ಹೇಳಬೇಕಾಗಿದೆ. ಮೊದಲ ದಿನ ಎಲ್ಲವೂ ಕ್ರಮವಾಗಿ ನಡೆದಿತ್ತು. ಅತಿಥಿ ಹೊರಡುವುದಕ್ಕೂ ಆಲೂಗಡ್ಡೆ ಹದವಾಗುವುದಕ್ಕೂ ಸರಿಹೋಗಿ, ‘ಭಲೆ!’ ಎಂದುಕೊಂಡಿದ್ದೆ. ಎರಡನೆಯ ದಿನ ಆಕೆ ಒಂದೊಂದೇ ಗಡ್ಡೆಯನ್ನು ಕೈಗೆತ್ತಿಕೊಂಡು, ಚಾಕುವಿನಿಂದ ಸಿಪ್ಪೆ ಹೆರೆದು, ನೀರಿಗೆ ಹಾಕಿ, ಒಲೆಯ ಮೇಲಿಟ್ಟಳು. ನಾವಾದರೆ ಸಿಪ್ಪೆಸಹಿತ ಬೇಯಿಸಿ, ಬಿಸಿಯಿರುವಾಗಲೇ ಸುಲಿದು, ಬೆರಳು ಸುಟ್ಟುಕೊಂಡು ಊದಿಕೊಳ್ಳುವ ಜನ. ಇರಲಿ, ದೇಶಾಚಾರ ಬೇರೆ. ಬಾಗಿಲ ಗಂಟೆ ಬಾರಿಸಿತು. ಅತಿಥಿ ಬಂದ. ಬಾಗಿಲು ಮುಚ್ಚಿತು. ನಾನು ಮನಸ್ಸಿನಲ್ಲಿಯೇ ನಿಮಿಷಗಳನ್ನು ಎಣಿಸತೊಡಗಿದೆ. ಕುಕ್ಕರಿನ ಕೂಗನ್ನು ಬಚ್ಚಲುಮನೆಯಿಂದಲೂ ಬಾಲ್ಕನಿಯಿಂದಲೂ ನಿದ್ದೆಯೊಳಗಿಂದಲೂ ಎಣಿಸಿ ಪಳಗಿದವಳಿಗೆ ಇದೇನು ದೊಡ್ಡ ಮಾತು? ಅತಿಥಿ ಹೊರಡಲೊಲ್ಲ. ನನ್ನ ಅಂಗೈ ಬೆವರಿತು. ನೀರು ಇಂಗಿರಬೇಕು, ಗಡ್ಡೆಗಳ ಅಂಚು ಕರಗಿರಬೇಕು, ಈಗ ತಳ ಹಿಡಿಯಬೇಕು ಎಂದುಕೊಳ್ಳುತ್ತಿರುವಾಗಲೇ, ನನ್ನ ಕಂಠದಿಂದ ನನ್ನ ಅಪ್ಪಣೆಯಿಲ್ಲದೆ, ಸ್ಪಷ್ಟವಾದ ಉಚ್ಚಾರಣೆಯಲ್ಲಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಒಂದು ವಾಕ್ಯ ಹೊರಬಿದ್ದಿತು:

“ಉರಿ ಸಣ್ಣ ಮಾಡಿ ಹೋಗಬಾರದಿತ್ತೇನೇ, ತಾಯಿ!”

ಮುಂದಿನ ಸಾಲಿನ ತಲೆಗಳು ಒಮ್ಮೆಲೇ ತಿರುಗಿದವು. ಪಕ್ಕದಲ್ಲಿದ್ದ ಗಡ್ಡಧಾರಿಯಾದ ತರುಣನು “ಆಂಟೀ, ಪ್ಲೀಸ್” ಎಂದನು. ಆದರೆ ಅಷ್ಟರಲ್ಲಿ ತೆರೆಯ ಮೇಲೆ ನನ್ನ ಭವಿಷ್ಯವಾಣಿ ಅಕ್ಷರಶಃ ಫಲಿಸಿತ್ತು. ಆಲೂಗಡ್ಡೆ ಬೆಂದುಹೋಗಿತ್ತು! ಕೆದರಿದ ತಲೆಯ ಆ ಹೆಂಗಸು ಪಾತ್ರೆಯನ್ನು ಹಿಡಿದುಕೊಂಡು, ಎಲ್ಲಿಡಬೇಕೆಂದು ತೋಚದೆ, ಕೋಣೆಯಿಂದ ಕೋಣೆಗೆ ಅಲೆದಳು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಇಬ್ಬರು ಮಹನೀಯರು ಎದ್ದು ಸಮೋಸಾ ತಿನ್ನಲು ಹೊರನಡೆದರು. ಎಂತಹ ಘಳಿಗೆಯಲ್ಲಿ ಎದ್ದು ಹೋದರು! ಆಕೆ ಅಂಗಡಿಗೆ ಹೋಗಿ ಬೇರೆ ಆಲೂಗಡ್ಡೆ ತಂದಳು. ಪುನಃ ಕುಳಿತು ಹೆರೆದಳು. ಆ ಹೆರೆಯುವಿಕೆಯಲ್ಲಿ ಮೊದಲಿನ ಶಾಂತಿಯಿರಲಿಲ್ಲ. ಯುದ್ಧದ ಚಿತ್ರಗಳನ್ನೂ ದೆವ್ವದ ಚಿತ್ರಗಳನ್ನೂ ಹಪ್ಪಳ ಕರಿಯುತ್ತ ನಿರಾತಂಕವಾಗಿ ನೋಡಿರುವ ನಾನು, ಆ ಚಾಕು ಸಿಪ್ಪೆಯ ಮೇಲೆ ಸರಿಯುವುದನ್ನು ಕಂಡು ಕುರ್ಚಿಯ ಕೈಯನ್ನು ಬಿಗಿಹಿಡಿದಿದ್ದೆ.

ಮೂರನೆಯ ದಿನವನ್ನು ಬೇಗ ಹೇಳಿಬಿಡುತ್ತೇನೆ. ಕಾಫಿಯ ರುಚಿ ಕೆಟ್ಟಿತು. ಮಗನ ಕೋಟಿಗೆ ಹೊಂದುವ ಗುಂಡಿ ಯಾವ ಅಂಗಡಿಯಲ್ಲಿಯೂ ದೊರೆಯಲಿಲ್ಲ. ಅಂದಿನ ಅತಿಥಿಯನ್ನು ಆಕೆ ಕತ್ತರಿಯಿಂದ ಇರಿದು ಕೊಂದು, ಬಂದು ಮೇಜಿನ ಮುಂದೆ ಕತ್ತಲೆಯಲ್ಲಿ ಕುಳಿತಳು.

ಚಿತ್ರದ ತರುವಾಯ ಸಂವಾದವಿತ್ತು. ಕನ್ನಡಕ ಧರಿಸಿದ ವಿದ್ವಾಂಸರೊಬ್ಬರು ಮೈಕು ಹಿಡಿದು, ನಿರ್ದೇಶಕಿಯು ಕಾಲವನ್ನೇ ಅಸಹನೀಯಗೊಳಿಸಿ ಪ್ರೇಕ್ಷಕನನ್ನು ಶಿಕ್ಷಿಸುತ್ತಾಳೆಂದೂ, ಅಂತ್ಯದ ಹಿಂಸೆಯು ಸಂಪೂರ್ಣವಾಗಿ ಅನಿರೀಕ್ಷಿತವೆಂದೂ ಪ್ರತಿಪಾದಿಸಿದರು. ನಾನು ಎದ್ದು ನಿಂತೆ, ಏಕೆ ನಿಂತೆನೋ! ಅನಿರೀಕ್ಷಿತವಲ್ಲ ಸ್ವಾಮಿ, ಎಲ್ಲವೂ ಹಿಂದಿನ ದಿನ ಆಲೂಗಡ್ಡೆ ಬೆಂದುಹೋದಾಗಲೇ ನಿಶ್ಚಯವಾಗಿತ್ತು. ನಮ್ಮಲ್ಲಾದರೆ ಹಾಗೆ ಬೆಂದುದನ್ನು ಹಿಸುಕಿ, ಸಾಸಿವೆ ಇಂಗಿನ ಒಗ್ಗರಣೆ ಹಾಕಿ ದೋಸೆಗೆ ಪಲ್ಯ ಮಾಡಿಬಿಡುತ್ತೇವೆ. ಆಕೆಗೆ ಒಗ್ಗರಣೆ ಎಂಬುದೊಂದು ಗೊತ್ತಿದ್ದಿದ್ದರೆ ಬ್ರಸೆಲ್ಸಿನಲ್ಲಿ ಒಂದು ಕೊಲೆ ತಪ್ಪುತ್ತಿತ್ತು ಎಂದೆ. ಸಭೆ ಬಿದ್ದುಬಿದ್ದು ನಕ್ಕಿತು. ವಿದ್ವಾಂಸರೂ ನಕ್ಕು, “ಮೇಡಂ ಅವರು ಚಿತ್ರವನ್ನು ಅಡುಗೆಯ ದೃಷ್ಟಿಯಿಂದ ನೋಡಿದ್ದಾರೆ” ಎಂದು ಮೈಕನ್ನು ಇನ್ನೊಬ್ಬರಿಗೆ ದಾಟಿಸಿದರು.

ಆ ಮಾತು ನನಗೆ ಚುಚ್ಚಿತು. ಅಡುಗೆಯ ದೃಷ್ಟಿಯಲ್ಲದೆ ಮತ್ತಾವ ದೃಷ್ಟಿಯಿಂದ ನೋಡಬೇಕಾಗಿತ್ತು? ಆ ಮಹನೀಯರು ಬೆಳಗ್ಗೆ ಉಂಡು ಬಂದ ತಿಂಡಿಯನ್ನು ಯಾರೋ ಒಬ್ಬಾಕೆ ಕ್ಯಾಮರಾ ಇಲ್ಲದೆಯೇ ಬೇಯಿಸಿರಬೇಕಷ್ಟೆ. ಅದರ ಹತ್ತರಲ್ಲೊಂದು ಪಾಲನ್ನು ಕಣ್ಣಿನಿಂದ ನೋಡುವುದೇ ಇವರಿಗೆ ಶಿಕ್ಷೆಯಾಯಿತೆ? ಎಂದು ಕುದಿಯುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ನನ್ನ ಅಮ್ಮ ಕಣ್ಣಮುಂದೆ ಬಂದಳು. ಸೊಗಡು ಅವರೆಯ ಕಾಲದಲ್ಲಿ, ನೆನೆಸಿದ ಕಾಳಿನ ಬೋಗುಣಿಯನ್ನು ಮುಂದಿಟ್ಟುಕೊಂಡು, ಒಂದೊಂದೇ ಕಾಳನ್ನು ಎರಡು ಬೆರಳುಗಳ ನಡುವೆ ಹಿದುಕುತ್ತ ಹಿತ್ತಲ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದಳು. ಹಿದುಕಿದ ಬೇಳೆಯ ಸಾರಿನ ರುಚಿ ನನಗೆ ಇಂದಿಗೂ ನೆನಪಿದೆ. ಅವಳು ಹಿದುಕುವುದನ್ನು ನಾನು ಒಂದು ಕ್ಷಣವಾದರೂ ನಿಂತು ನೋಡಿದ್ದುಂಟೆ? ನೆನಪಾಗಲಿಲ್ಲ. ಸಂವಾದ ಮುಗಿಯುವ ಮೊದಲೇ ಎದ್ದು ಬಂದೆ.

ಮನೆಯಲ್ಲಿ ಫ್ರಿಜ್ಜಿನ ಚೀಟಿ ಅಂಟಿಸಿದಲ್ಲಿಯೇ ಇತ್ತು. ಮೋಟರನ್ನು ಯಾರೂ ಹಾಕಿರಲಿಲ್ಲ. ಊಟಕ್ಕೆ ಕುಳಿತಾಗ ಅತ್ತೆಯವರು ಕೇಳಿದರು: “ಏನಮ್ಮ ಕಥೆ?”

“ಒಬ್ಬಾಕೆ ಅಡುಗೆ ಮಾಡುತ್ತಾಳೆ, ಅತ್ತೆ.”

“ಅದನ್ನು ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೆ?”

“ಕೊನೆಯಲ್ಲಿ ಕತ್ತರಿ ತೆಗೆದುಕೊಂಡು ಒಬ್ಬ ಗಂಡಸನ್ನು ಕೊಲ್ಲುತ್ತಾಳೆ.”

ನಮ್ಮವರ ಕೈಯಲ್ಲಿದ್ದ ತುತ್ತು ಬಾಯನ್ನು ತಲುಪುವುದಕ್ಕೆ ಕೊಂಚ ತಡವಾಯಿತು. “ಯಾತಕ್ಕೆ?” ಎಂದರು.

“ಆಲೂಗಡ್ಡೆ ಬೆಂದುಹೋಯಿತು, ಅದಕ್ಕೆ” ಎಂದೆ. ಹೆಚ್ಚಿನ ವಿವರಣೆಗೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯ ಮೊಳೆಯ ಮೇಲೆ ಕತ್ತರಿಯಿರಲಿಲ್ಲ. ಡಬ್ಬಗಳ ಹಿಂದೆ ಹುಡುಕುತ್ತಿದ್ದಾಗ, ಎಂದೂ ಏಳು ಗಂಟೆಗೆ ಮುನ್ನ ಏಳದ ನಮ್ಮವರು ಮಂಕಿ ಟೋಪಿಯೊಡನೆ ಬಾಗಿಲಲ್ಲಿ ಪ್ರತ್ಯಕ್ಷರಾಗಿ, ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೇ, ಅತ್ಯಂತ ಮೃದುವಾದ ಧ್ವನಿಯಲ್ಲಿ ಹೇಳಿದರು: “ಹಾಲಿನ ಪ್ಯಾಕೆಟ್ಟನ್ನು ಇನ್ನು ಮೇಲೆ ನಾನೇ ಕತ್ತರಿಸಿ ಕೊಡುತ್ತೇನೆ, ಬಿಡು. ನಿನಗೇಕೆ ಶ್ರಮ?”