ದನದ ತುರಿಕೆ, ಜೇನಿನ ಸಂಸಾರ

ತೋಟದಲ್ಲಿ ಜೇನುಪೆಟ್ಟಿಗೆ ಉರುಳಿತೆಂದರೆ ಮೊದಲ ಗುಮಾನಿ ಕಳ್ಳನ ಮೇಲೆ, ಎರಡನೆಯದು ಮಂಗನ ಮೇಲೆ. ನಿಜವಾದ ಆರೋಪಿ ಎಷ್ಟೋ ಸಲ ನಾಲ್ಕು ಹೆಜ್ಜೆ ಆಚೆ ನಿಂತು ಮೆಲುಕು ಹಾಕುತ್ತಿರುತ್ತದೆ. ದನಕ್ಕೆ ಜೇನಿನ ಮೇಲೆ ದ್ವೇಷವೇನಿಲ್ಲ. ಕುತ್ತಿಗೆ ತುರಿಸಿತು, ಸೊಂಟದೆತ್ತರದ ಕಂಬವೊಂದು ಸಿಕ್ಕಿತು, ಅಷ್ಟೇ. ಮೈಯುಜ್ಜಲು ಹೇಳಿಮಾಡಿಸಿದಂಥ ವಸ್ತುವನ್ನು ನಾವೇ ನೆಟ್ಟು ಆಮೇಲೆ ದನವನ್ನು ಬೈಯುವುದು ನ್ಯಾಯವಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಆ ಕಂಬಕ್ಕೆ ಸಿಗುವ ಮರ್ಯಾದೆಯನ್ನು ನೋಡಬೇಕು. ಆಳಕ್ಕೆ ಹೂತು, ಸುತ್ತ ಕಲ್ಲು ಜಡಿದು, ಆನೆ ಕಟ್ಟಿದರೂ ಅಲುಗದಂತೆ ನಿಲ್ಲಿಸುತ್ತಾರೆ. ತುದಿಗೊಂದು ಹಲಗೆ. ಅದರ ಮೇಲೆ ಅಡಿಮಣೆ, ಸಂಸಾರ ಕೋಣೆ, ಜೇನು ಕೋಣೆ, ಮುಚ್ಚಳ ಒಂದರ ಮೇಲೊಂದು ಸುಮ್ಮನೆ ಕೂತಿರುತ್ತವೆ. ಭದ್ರತೆಯೆಲ್ಲ ಕಂಬಕ್ಕೆ, ಸಂಸಾರ ದೇವರ ಪಾಲಿಗೆ.

ನನ್ನ ವಾದ ಇಷ್ಟೇ: ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಯುವ ಮೊದಲು ಅದರ ಅಂಗಾಂಗಗಳನ್ನು ಒಂದಕ್ಕೊಂದು ಬಿಗಿಯಬೇಕು. ಬೀಳುವುದು ಅಷ್ಟು ದೊಡ್ಡ ಅನಾಹುತವಲ್ಲ, ಬಿಡಿಬಿಡಿಯಾಗುವುದು ಅನಾಹುತ. ಇಡಿಯಾಗಿ ಬಿದ್ದರೆ ಒಂದೆರಡು ಎರಿ ಮುರಿದಾವು, ಎತ್ತಿ ನಿಲ್ಲಿಸಿದರೆ ಹುಳಗಳೇ ರಿಪೇರಿ ಮಾಡಿಕೊಂಡಾವು. ಕೋಣೆಗಳು ಚದುರಿದರೆ ಮೊಟ್ಟೆಮರಿ ಬಿಸಿಲಿನ ಪಾಲು, ತುಪ್ಪ ಇರುವೆಯ ಪಾಲು, ರಾಣಿ ಎಲ್ಲಿ ಅಪ್ಪಚ್ಚಿಯಾದಳೋ ಹೇಳುವವರಿಲ್ಲ. ಬದುಕುಳಿದರೂ ನಮ್ಮ ಪೆಟ್ಟಿಗೆಯ ತುಡುವೆ ಜೇನು ಮುನಿಸಿನ ಜಾತಿ. ಕಿರುಕುಳ ಹೆಚ್ಚಾದರೆ ಮನೆ ಬಿಟ್ಟು ಇಡೀ ಕುಟುಂಬವೇ ಹೊರಟುಬಿಡುತ್ತದೆ. ಮೆಲ್ಲಿಫೆರಾ ಎಂಬ ವಿದೇಶಿ ಜೇನು ಸಾಕುವವರಿಗೆ ಈ ತಾಪತ್ರಯ ಸ್ವಲ್ಪ ಕಡಿಮೆ. ಆ ಹುಳ ಗಿಡಮರಗಳಿಂದ ಅಂಟು ತಂದು ಸಂದುಗೊಂದಿಗೆಲ್ಲ ಮೆತ್ತಿ ಕೋಣೆಗಳನ್ನು ಬೆಸೆಯುತ್ತದೆ. ಬಿಡಿಸಲು ಯಜಮಾನ ಉಳಿ ಹಿಡಿದು ಹೆಣಗಬೇಕು. ನಮ್ಮ ತುಡುವೆಗೆ ಆ ಗಾರೆಕೆಲಸದ ಅಭ್ಯಾಸವೇ ಇಲ್ಲ. ಇಲ್ಲಿ ಕೊಂಬಿನ ತುದಿ ಸಾಕು.

‘ಮುಚ್ಚಳದ ಮೇಲೆ ಕಲ್ಲು ಹೇರಿದ್ದೇವಲ್ಲ’ ಎನ್ನುವವರಿದ್ದಾರೆ. ಗಾಳಿಗೆ ಮುಚ್ಚಳ ಹಾರದಿರಲು ಕಲ್ಲು ಸರಿ. ಪಕ್ಕದಿಂದ ತಳ್ಳುವ ದನದೆದುರು ಅದು ವಿರೋಧಪಕ್ಷದ ಕೆಲಸ ಮಾಡುತ್ತದೆ: ಭಾರ ಮೇಲೇರಿದಷ್ಟೂ ಪೆಟ್ಟಿಗೆ ಬೀಳಲು ಸಜ್ಜಾಗುತ್ತದೆ, ಬಿದ್ದಾಗ ಎರಿಯ ಮೇಲೆ ಬಂದು ಕೂರುವುದೂ ಅದೇ ಕಲ್ಲು. ಇನ್ನು ಕೆಲವರು ಪಕ್ಕದ ಅಡಿಕೆ ಮರಕ್ಕೆ ಹಗ್ಗ ಬಿಗಿಯುತ್ತಾರೆ. ಕಂಬಕ್ಕೆ ನೀರಿನ ಬಟ್ಟಲು ಕಟ್ಟಿ ಇರುವೆಯ ದಾರಿ ತಪ್ಪಿಸಿದ ಮನುಷ್ಯನೇ ಈಗ ಇರುವೆಗೆ ತೂಗುಸೇತುವೆ ಕಟ್ಟಿಕೊಡುತ್ತಾನೆ. ಉದ್ಘಾಟನೆಗೆ ಮಂತ್ರಿ ಬರುವುದೊಂದು ಬಾಕಿ. ಹಗ್ಗವಾಗಲಿ ಬೆಲ್ಟಾಗಲಿ, ಕಟ್ಟು ನೀರಿನ ಬಟ್ಟಲಿಗಿಂತ ಮೇಲೆಯೇ ಮುಗಿಯಬೇಕು: ಹಲಗೆಯ ಅಡಿಯಿಂದ ಹೊರಟು, ಮುಚ್ಚಳದ ಮೇಲೆ ಹಾದು, ಮತ್ತೆ ಹಲಗೆಯ ಅಡಿಗೆ. ಬೇಲಿ ಹಾಕಿದರೆ ಸಾಲದೇ ಎಂದರೆ, ಬೇಲಿಗೆ ಮೇಲೆ ನೋಡುವ ಅಭ್ಯಾಸವಿಲ್ಲ. ಹಾಳೆಸಮೇತ ಧೊಪ್ಪನೆ ಬೀಳುವ ಸೋಗೆ ಅದರ ಅಪ್ಪಣೆ ಕೇಳುವುದಿಲ್ಲ. ಪದೇಪದೇ ಬಿಚ್ಚಿ ಕಟ್ಟುವ ರಗಳೆ ಯಾರಿಗೆ ಬೇಕು ಎಂಬ ಆಕ್ಷೇಪವೊಂದು ಮಾತ್ರ ಪ್ರಾಮಾಣಿಕವಾದದ್ದು. ಆದರೆ ಕೊಂಡಿಯಿರುವ ಬೆಲ್ಟನ್ನು ಬಿಚ್ಚಲು, ಹೊಗೆ ಹಾಕುವುದಕ್ಕೆ ತೆಂಗಿನ ನಾರಿಗೆ ಬೆಂಕಿ ಹೊತ್ತಿಸುವಷ್ಟು ಹೊತ್ತೂ ಬೇಡ.

ಆನೆಯನ್ನು ಓಡಿಸಲು ಪೆಟ್ಟಿಗೆ ಅಲುಗಾಡಲೇಬೇಕಲ್ಲ ಎಂದು ಓದಿಕೊಂಡವರು ಕೇಳಬಹುದು. ಪ್ರಶ್ನೆ ಸರಿಯೇ. ಕೆನ್ಯಾದಲ್ಲಿ ಲೂಸಿ ಕಿಂಗ್ ರೂಪಿಸಿದ ಜೇನುಬೇಲಿಯಲ್ಲಿ ಗೂಡುಗಳನ್ನು ಕಂಬಗಳ ನಡುವೆ ತಂತಿಗೆ ತೂಗುಹಾಕುತ್ತಾರೆ; ಆನೆ ತಂತಿ ತಳ್ಳಿದರೆ ಗೂಡು ಓಲಾಡಿ ಹುಳ ಎದ್ದು ಬರುತ್ತದೆ. ನಮ್ಮ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೂ 2021ರ ಮಾರ್ಚಿನಲ್ಲಿ ಕೊಡಗಿನಲ್ಲಿ ಆನೆಯ ದಾರಿಗೆ ಜೇನುಪೆಟ್ಟಿಗೆ ಅಡ್ಡ ಇಡುವ ಯೋಜನೆ ಶುರುಮಾಡಿತು. ಆದರೆ ಅಲ್ಲೂ ಗೂಡು ಓಲಾಡಬೇಕೇ ಹೊರತು ಕಳಚಿಕೊಳ್ಳಬಾರದು. ಕಳಚಿದರೆ ನಾಳಿನ ಆನೆಯನ್ನು ಹೆದರಿಸಲು ಯಾರೂ ಉಳಿದಿರುವುದಿಲ್ಲ. ಕರಡಿಯ ವಿಷಯದಲ್ಲಿ ಮಾತ್ರ ನನ್ನ ಬೆಲ್ಟು ಸೋಲೊಪ್ಪುತ್ತದೆ. ಅದು ತುರಿಕೆಗೆ ಬರುವ ಪ್ರಾಣಿಯಲ್ಲ, ಊಟಕ್ಕೇ ಬರುವುದು. ಕರಡಿ ಓಡಾಡುವ ಕಡೆಯವರು ಸೋಲಾರ್ ಬೇಲಿಯ ಖರ್ಚಿಗೆ ತಯಾರಾಗಬೇಕು. ಉಳಿದವರು ಈ ಮಳೆಗಾಲಕ್ಕೆ ಮುಂಚೆ ಪೆಟ್ಟಿಗೆಗೊಂದು ಬೆಲ್ಟು ಬಿಗಿಯಿರಿ, ಹುಳದ ಬಾಗಿಲಿಗೆ ಅಡ್ಡವಾಗದಂತೆ ಕೊಂಡಿಯನ್ನು ಹಿಂಬದಿಗಿಡಿ. ಹತ್ತು ಮಾರು ದೂರದಲ್ಲಿ ದನಕ್ಕೂ ಒಂದು ಒರಟು ಕಂಬ ನೆಟ್ಟುಕೊಡಿ.