ಮಾರಬಾರದಿತ್ತು

ಡೆಟ್ರಾಯಿಟ್ ಸುತ್ತಮುತ್ತ ಎಪ್ಪತ್ತು ದಾಟಿದ ಗಂಡಸರನ್ನು ಮಾತಿಗೆಳೆಯುವುದು ಬಹಳ ಸುಲಭ. ಹವಾಮಾನದ ಪೀಠಿಕೆ ಬೇಕಿಲ್ಲ, ರಾಜಕೀಯವಂತೂ ಬೇಡವೇ ಬೇಡ. ‘ನಿಮ್ಮ ಮೊದಲ ಕಾರು ಯಾವುದು?’ ಎಂದು ಕೇಳಿ ಸುಮ್ಮನೆ ಕೂತರೆ ಸಾಕು. ಇಸವಿ, ಮಾಡೆಲ್ಲು, ಎಂಜಿನ್ನಿನ ಅಳತೆ, ಬಣ್ಣ, ಸೀಟಿನ ಹೊದಿಕೆ ಎಲ್ಲವೂ ಒಂದೇ ಉಸಿರಿಗೆ ಬರುತ್ತವೆ. ಸ್ವಂತ ಮಗನ ಫೋನ್ ನಂಬರು ಬಾಯಿಗೆ ಬಾರದವರಿಗೂ 1967ರಲ್ಲಿ ಹಾಕಿಸಿದ ಗೇರ್ ಲಿವರ್ ಯಾವ ಕಂಪನಿಯದು ಎಂಬುದು ಅಂಗೈ ಮೇಲಿರುತ್ತದೆ. ಕೊನೆಗೆ ಸಣ್ಣದೊಂದು ನಿಟ್ಟುಸಿರು. ಅದರ ಬೆನ್ನಿಗೇ ಆ ಮಾತು: “ಅದನ್ನ ಮಾರಬಾರದಿತ್ತು.”

ಕಾರನ್ನು ಮಾರದೆ ಉಳಿಸಿಕೊಂಡವರು ಇಷ್ಟು ಚೆನ್ನಾಗಿ ಕತೆ ಹೇಳುವುದಿಲ್ಲ. ಅವರು ತುಕ್ಕಿನ ಬಗ್ಗೆ, ಬಿಡಿಭಾಗಗಳ ಬೆಲೆಯ ಬಗ್ಗೆ, ಒಳ್ಳೆಯ ಮೆಕ್ಯಾನಿಕ್‌ಗಳೆಲ್ಲ ತೀರಿಕೊಂಡುಬಿಟ್ಟರು ಎಂಬುದರ ಬಗ್ಗೆ ಗೊಣಗುತ್ತಾರೆ. ಕಾರಿನ ನಿಜವಾದ ಸೊಬಗು ಕೇಳಬೇಕಾದರೆ ಅದನ್ನು ಕಳಕೊಂಡವರನ್ನೇ ಹುಡುಕಬೇಕು.

ಇವರ ಬಾಯಲ್ಲಿ ‘ಮಸಲ್ ಕಾರು’ ಅಂದರೆ ಅರವತ್ತರ ದಶಕದ ಮಧ್ಯಭಾಗದಿಂದ ಎಪ್ಪತ್ತರ ಶುರುವಿನವರೆಗೆ ಡೆಟ್ರಾಯಿಟ್ ತಯಾರಿಸಿದ ಒಂದು ಜಾತಿಯ ಕಾರು. ಸಂಸಾರಸ್ಥರು ಓಡಿಸುವ ಸಾಧಾರಣ ಗಾತ್ರದ ಕಾರಿಗೆ ಕಂಪನಿಯಲ್ಲಿ ಸಿಗುವ ಅತಿ ದೊಡ್ಡ ಎಂಜಿನ್ ತುರುಕಿದರೆ ಮುಗಿಯಿತು. ಇದು ಶುರುವಾದ ಬಗೆಯೇ ಸೊಗಸಾಗಿದೆ. ಜನರಲ್ ಮೋಟಾರ್ಸ್‌ನಲ್ಲಿ ಆಗ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಕಟ್ಟಳೆಯಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರಿಗೆ ಟೆಂಪೆಸ್ಟ್ ಎಂಬ ಸಾಧು ಕಾರಿನೊಳಗೆ 389 ಘನ ಅಂಗುಲದ ಎಂಜಿನ್ ಕೂರಿಸುವ ಆಸೆ. ಅಂದರೆ ಸುಮಾರು 6.4 ಲೀಟರ್, ನಮ್ಮ ಅಂಬಾಸಿಡರ್‌ನದು ಒಂದೂವರೆ ಲೀಟರ್. ಹೊಸ ಮಾಡೆಲ್ ಎಂದರೆ ಮೇಲಿನವರ ಒಪ್ಪಿಗೆ ಬೇಕು. ಹಾಗಾಗಿ 1964ರಲ್ಲಿ ಅದನ್ನು ಹೊಸ ಮಾಡೆಲ್ ಎನ್ನಲಿಲ್ಲ. ಟೆಂಪೆಸ್ಟ್ ಲೆಮಾನ್ಸ್ ಕೊಳ್ಳುವವರು ಬೇಕಿದ್ದರೆ 295 ಡಾಲರ್ ಹೆಚ್ಚಿಗೆ ಕೊಟ್ಟು ಹಾಕಿಸಿಕೊಳ್ಳುವ ‘ಐಚ್ಛಿಕ ಸಲಕರಣೆ’ ಎಂದರು. ಹೊಸ ಹುದ್ದೆಗೆ ಮಂಜೂರಾತಿ ಸಿಗದಿದ್ದರೆ ‘ಹೆಚ್ಚುವರಿ ಪ್ರಭಾರ’ ಎಂದು ಬರೆದು ಕಡತ ಸಾಗಿಸುವ ನಮ್ಮ ಕಚೇರಿಗಳ ಹಿರಿಯ ಗುಮಾಸ್ತರು ಡಿಲೋರಿಯನ್ನರಿಗೆ ಶಾಲು ಹೊದಿಸಬೇಕಿತ್ತು. ಐದು ಸಾವಿರ ಮಾರಾಟವಾದರೆ ಪುಣ್ಯ ಎಂದುಕೊಂಡಿದ್ದು, ಮೊದಲ ವರ್ಷ 32,450 ಹೋದವು. ಮೇಲಿನವರು ಆಮೇಲೆ 330ರ ಕಟ್ಟಳೆಯ ಮಾತೆತ್ತಲಿಲ್ಲ.

ಹೆಸರನ್ನಂತೂ ಹಾಡಹಗಲೇ ಎಗರಿಸಿದ್ದು. ಆ ಸಲಕರಣೆಗೆ ಇಟ್ಟ ‘ಜಿಟಿಓ’ ಎಂಬುದು ಇಟಲಿಯ ಫೆರಾರಿಯ ರೇಸ್ ಕಾರಿನ ಹೆಸರು. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ 1964ರಲ್ಲಿ ಎರಡನ್ನೂ ಎದುರುಬದುರು ನಿಲ್ಲಿಸಿದ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ಪಂದ್ಯಕ್ಕೆ ಫೆರಾರಿ ಬಂದೇ ಇರಲಿಲ್ಲ. ಬಂದಿದ್ದ ಪಾಂಟಿಯಾಕ್ ಸೊನ್ನೆಯಿಂದ 60 ಮೈಲಿ ವೇಗಕ್ಕೆ 4.6 ಸೆಕೆಂಡಿನಲ್ಲಿ ಏರಿತೆಂದು ವರದಿಯಾಯಿತು. ಓದಿದ ಹುಡುಗರಿಗೆ ಆ ರಾತ್ರಿ ನಿದ್ದೆ ಬಂದಿರಲಾರದು. ಪರೀಕ್ಷೆಗೆ ಕೊಟ್ಟ ಕಾರಿನಲ್ಲಿ ಇದ್ದದ್ದು 389 ಅಲ್ಲ, ಅದಕ್ಕಿಂತ ದೊಡ್ಡ 421 ಎಂದು ಪಾಂಟಿಯಾಕ್ ಪ್ರಚಾರದ ಹಿಂದಿದ್ದ ಜಿಮ್ ವ್ಯಾಂಗರ್ಸ್ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡರು. ಬುನಾದಿಯಲ್ಲೇ ಒಂದು ದೊಡ್ಡ ಸುಳ್ಳಿರುವುದರಿಂದ ಈ ಕಾರುಗಳ ಬಗ್ಗೆ ಯಾರು ಎಷ್ಟು ಹೇಳಿದರೂ ನಾನು ಮುಖ ಕಿವುಚುವುದಿಲ್ಲ.

ಕೆಲವೇ ವರ್ಷಗಳಲ್ಲಿ ಸುಳ್ಳು ದಿಕ್ಕು ಬದಲಿಸಿತು. ವಿಮೆಯವರು ಅಶ್ವಶಕ್ತಿ ನೋಡಿ ಕಂತು ಏರಿಸತೊಡಗಿದ್ದರು. ರೇಸಿನವರು ಅಶ್ವಶಕ್ತಿ ನೋಡಿ ವರ್ಗ ಮಾಡುತ್ತಿದ್ದರು. ಕಂಪನಿಗಳು ಕಾಗದದ ಮೇಲೆ ಕುದುರೆಗಳನ್ನು ಬಚ್ಚಿಡತೊಡಗಿದವು. ಫೋರ್ಡ್‌ನ 428 ಕೋಬ್ರಾ ಜೆಟ್‌ಗೆ 335 ಎಂದು ಬರೆದರು. ತಿಳಿದವರು ನಾನೂರರ ಲೆಕ್ಕ ಹೇಳುತ್ತಾರೆ. ಶೆವ್ರೊಲೆ ಕಮಾರೋ ಜಿ28ಕ್ಕೆ 290 ಎಂದು ಬರೆದದ್ದನ್ನು ಆಗಲೂ ಯಾರೂ ನಂಬಲಿಲ್ಲ. ಕಂಪನಿ ಇಳಿಸಿ ಹೇಳಿದ್ದನ್ನು ಇವತ್ತು ಮಾಲೀಕ ಏರಿಸಿ ಹೇಳಿ ಲೆಕ್ಕ ಸರಿದೂಗಿಸುತ್ತಿದ್ದಾನೆ, ಅಷ್ಟೆ.

ನಮ್ಮ ಪಕ್ಕದ ಮನೆಯ ಯಜಮಾನರು ಈ ಸರಿದೂಗಿಸುವ ಕೆಲಸದಲ್ಲಿ ನಿಷ್ಣಾತರು. ಅವರದು 1967ರ ಶೆವೆಲ್ ಎಸ್‌ಎಸ್ 396. ನಾನು ಮೊದಲು ಕೇಳಿದಾಗ ಅದು ಕಾಲು ಮೈಲಿಯನ್ನು ಹದಿನೈದು ಸೆಕೆಂಡಿನಲ್ಲಿ ಓಡುತ್ತಿತ್ತು. ನಮ್ಮ ಮಗಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಹದಿನಾಲ್ಕಾಗಿತ್ತು. ಈಗ ಹದಿಮೂರೂವರೆಗೆ ಬಂದಿದೆ. ಕಾರು 1973ರಲ್ಲೇ ಕೈಬಿಟ್ಟು ಹೋಗಿದ್ದರೂ ಅದರ ಓಟ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಲೇ ಇದೆ.

ಅವರು ಮಾತಾಡುವಾಗ ಪಕ್ಕದ ಮಡಚು ಕುರ್ಚಿಯಲ್ಲಿ ಅವರ ಹೆಂಡತಿ ಹೆಣಿಗೆ ಹಾಕುತ್ತಾ ಕೂತಿರುತ್ತಾರೆ. ತಲೆ ಎತ್ತದೆ ತಿದ್ದುಪಡಿ ಕೊಡುವುದು ಅವರ ಪದ್ಧತಿ. ಯಜಮಾನರು ಎಂಜಿನ್ ಎಂದರೆ ಅವರು ಬ್ರೇಕ್ ಎನ್ನುತ್ತಾರೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು; ವೇಗದಿಂದ ಒಂದು ಸಲ ಜೋರಾಗಿ ನಿಲ್ಲಿಸಿದರೆ ಬಿಸಿಯಾಗಿ, ಎರಡನೆಯ ಸಲಕ್ಕೆ ಪೆಡಲ್ ಒತ್ತಿದ್ದು ಬರೀ ಕಾಲಿನ ವ್ಯಾಯಾಮ. ಆಗಸ್ಟ್ ಬಿಸಿಲಲ್ಲಿ ಕಪ್ಪು ರೆಕ್ಸಿನ್ ಸೀಟು. ಗಿಡ್ಡ ಲಂಗದ ಕಾಲ. ಕೂತವಳು ಏಳುವಾಗ ತೊಡೆಯ ಚರ್ಮ ಸೀಟಿಗೆ ಅಂಟಿಕೊಂಡೇ ಇರುತ್ತಿತ್ತಂತೆ. ಕೂದಲಿಗೆ, ಬಟ್ಟೆಗೆ, ತಂದ ಊಟದ ಪೊಟ್ಟಣಕ್ಕೆ ಪೆಟ್ರೋಲ್ ವಾಸನೆ. “ಹೌದ್ಹೌದು, ಆ ವಾಸನೆ!” ಎಂದು ಯಜಮಾನರು ಕಣ್ಣು ಮುಚ್ಚುತ್ತಾರೆ. ಆಕೆ ದೂರಿದ್ದನ್ನೆಲ್ಲ ಅವರು ಗುಣಗಾನವೆಂದೇ ಕೇಳಿಸಿಕೊಳ್ಳುತ್ತಾರೆ. ಇಂಥ ಕಿವಿ ಇದ್ದರೆ ದಾಂಪತ್ಯ ಬಾಳಿಕೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಈ ಮಡಚು ಕುರ್ಚಿಗಳು ಬೀಳುವುದು ವುಡ್‌ವರ್ಡ್ ಅವೆನ್ಯೂ ಪಕ್ಕದ ಹುಲ್ಲಿನ ಮೇಲೆ, ಆಗಸ್ಟ್ ತಿಂಗಳ ಮೂರನೇ ಶನಿವಾರ. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿನವರೆಗೆ ಓಡುವ ಅಗಲವಾದ ರಸ್ತೆ ಅದು. ದೇಶದಲ್ಲೇ ಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ ಹಾಕಿದ್ದು 1909ರಲ್ಲಿ ಅಲ್ಲೇ. ಅರವತ್ತರ ದಶಕದ ರಾತ್ರಿಗಳಲ್ಲಿ ಹುಡುಗರು ಒಂದು ಡ್ರೈವ್-ಇನ್ ಹೋಟೆಲಿನಿಂದ ಇನ್ನೊಂದಕ್ಕೆ ಇದೇ ರಸ್ತೆಯಲ್ಲಿ ಗಸ್ತು ಹೊಡೆಯುತ್ತಿದ್ದರು. ಕೆಂಪು ದೀಪ ಹಸಿರಾದೊಡನೆ ಅಕ್ಕಪಕ್ಕದವರು ಪಂದ್ಯ ಕಟ್ಟುತ್ತಿದ್ದರು. ಹುಡುಗರಷ್ಟೇ ಅಲ್ಲ. ಹಗಲು ಕಂಪನಿಯಲ್ಲಿ ನಕ್ಷೆ ಬರೆದ ಎಂಜಿನಿಯರುಗಳು ಸಂಜೆ ಹೊಸ ಕಾರು ತಂದು ಇಲ್ಲಿ ಪರೀಕ್ಷೆ ಕೂರುತ್ತಿದ್ದರು. ಈಗಿನ ಮೆರವಣಿಗೆ ಶುರುವಾದದ್ದು 1995ರಲ್ಲಿ, ಫರ್ನ್‌ಡೇಲ್ ಊರಿನ ಮಕ್ಕಳಿಗೆ ಫುಟ್‌ಬಾಲ್ ಮೈದಾನ ಮಾಡಲು ಚಂದಾ ಎತ್ತುವ ನೆಪದಲ್ಲಿ. ಆವತ್ತು ವುಡ್‌ವರ್ಡ್‌ನಲ್ಲಿ ಗಂಟೆಗೆ ಐದಾರು ಮೈಲಿಗಿಂತ ಜೋರಾಗಿ ಹೋಗಲು ಜಾಗವೇ ಇರುವುದಿಲ್ಲ. ಕಾಲು ಮೈಲಿಯನ್ನು ಹದಿಮೂರೂವರೆ ಸೆಕೆಂಡಿನಲ್ಲಿ ಮುಗಿಸುವ ಕಾರುಗಳು ಅದೇ ಕಾಲು ಮೈಲಿಗೆ ಕೆಲವೊಮ್ಮೆ ಕಾಲು ಗಂಟೆ ತೆಗೆದುಕೊಳ್ಳುತ್ತವೆ. ನಡುನಡುವೆ ಒಂದೊಂದು ಬಿಸಿಯಾಗಿ, ಬಾನೆಟ್ ಎತ್ತಿಕೊಂಡು ಬದಿಗೆ ನಿಂತು ಹಬೆ ಬಿಡುತ್ತದೆ. ಆಗ ಸುತ್ತ ಸೇರುವ ಗುಂಪು ನೋಡಬೇಕು. ಸರಿಯಾಗಿ ಓಡುತ್ತಿರುವ ಕಾರಿಗೆ ಆ ಭಾಗ್ಯವಿಲ್ಲ.

ಹಾಗಾದರೆ ಇಷ್ಟು ಪ್ರೀತಿಯ ಕಾರನ್ನು ಮಾರಿದ್ದೇಕೆ? ಕಾರಣಗಳು ಹೆಚ್ಚೇನಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಕರೆ ಬಂತು. ಮದುವೆಯಾಯಿತು. ಮಗು ಬಂತು, ಎರಡೇ ಬಾಗಿಲಿನ ಕಾರಿನ ಹಿಂದಿನ ಸೀಟಿಗೆ ಮಗುವನ್ನು ದಾಟಿಸುವಾಗ ಹೆಂಡತಿಯ ಸೊಂಟ ಹಿಡಿಯಿತು. ಇಪ್ಪತ್ತೈದು ತುಂಬದ ಹುಡುಗನಿಗೆ ವಿಮೆಯ ಕಂತು ಕಾರಿನ ಕಂತನ್ನೇ ಮೀರಿಸುವಂತಾಯಿತು. ಇಷ್ಟು ಸಾಲದೆಂದು 1970ರಲ್ಲಿ ಹೊಗೆಯ ಮೇಲೆ ಕಾನೂನು ಬಂದು ಎಂಜಿನ್ನುಗಳ ಜೋರು ಇಳಿಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಬಂಕಿನ ಮುಂದೆ ಸಾಲು. ಗ್ಯಾಲನ್ನಿಗೆ ಹತ್ತು ಮೈಲಿ ಕೊಡುವ ಕಾರನ್ನು ಆ ಸಾಲಿನಲ್ಲಿ ಚಾಲೂ ಇಟ್ಟರೆ, ತುಂಬಿಸುವುದಕ್ಕಿಂತ ಮೊದಲು ಇದ್ದದ್ದೂ ಖಾಲಿ. 1974ರ ಮಸ್ಟಾಂಗ್ ಕೊಳ್ಳಹೋದವರಿಗೆ ವಿ8 ಎಂಜಿನ್ನೇ ಸಿಗುತ್ತಿರಲಿಲ್ಲ. ಹತ್ತು ವರ್ಷದೊಳಗೆ ಆಟ ಮುಗಿಯಿತು. ಮೂರು ಸಾವಿರ ಕೊಟ್ಟು ಕೊಂಡದ್ದನ್ನು ಕೆಲವೇ ನೂರು ಡಾಲರಿಗೆ ಸಾಗಹಾಕಿ, ‘ಸದ್ಯ ಯಾರೋ ತಗೊಂಡರಲ್ಲ’ ಎಂದು ಹಾಯಾಗಿ ಮಲಗಿದವರೇ ಈಗ ವುಡ್‌ವರ್ಡ್‌ನಲ್ಲಿ ನಿಟ್ಟುಸಿರು ಬಿಡುತ್ತಿರುವುದು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1968ರ ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರುತಗ್ಗಿನಲ್ಲಿ ಓಡಿಸಿದ ಹಸಿರು ಮಸ್ಟಾಂಗ್ 1974ರಲ್ಲಿ ನ್ಯೂಜೆರ್ಸಿಯ ಒಂದು ಸಂಸಾರದ ಪಾಲಾಗಿತ್ತು; ಕೊಟ್ಟದ್ದು ಆರು ಸಾವಿರ. ಮನೆಯಾಕೆ ಅದನ್ನು ದಿನಬಳಕೆಗೆ ಓಡಿಸುತ್ತಿದ್ದರು. 1977ರಲ್ಲಿ ಮೆಕ್ವೀನ್ ಸ್ವತಃ ಕಾಗದ ಬರೆದು, ಅತಿ ದುಬಾರಿಯಾಗದಿದ್ದರೆ ತನಗೇ ವಾಪಸು ಬೇಕು ಎಂದು ಕೇಳಿದ. ಅವರು ಕೊಡಲಿಲ್ಲ. 2020ರ ಹರಾಜಿನಲ್ಲಿ ಅದು 34 ಲಕ್ಷ ಡಾಲರಿಗೆ ಹೋಯಿತು, ಮೇಲಿನ ಖರ್ಚು ಬೇರೆ. ಆ ಸಿನಿಮಾದ ಅಟ್ಟಾಟದಲ್ಲಿ ಒಂದೇ ಹಸಿರು ಫೋಕ್ಸ್‌ವ್ಯಾಗನ್ ಮತ್ತೆ ಮತ್ತೆ ಹಿಂದೆ ಬೀಳುತ್ತದೆ. ಎದುರಾಳಿಗಳ ಡಾಡ್ಜ್ ಚಾರ್ಜರ್ ಕಾರಿನ ಚಕ್ರದ ಮುಚ್ಚಳಗಳು ಚಕ್ರಗಳ ಸಂಖ್ಯೆಯನ್ನು ಮೀರಿ ಉದುರುತ್ತವೆ. ನೆನಪಿನ ಓಟವೂ ಹೀಗೇ ಇರುವುದರಿಂದಲೋ ಏನೋ, ಅಭಿಮಾನಿಗಳು ಆಕ್ಷೇಪಿಸಿದ್ದನ್ನು ನಾನು ಕೇಳಿಲ್ಲ.

ನಮ್ಮವರೂ ಈ ಮಾಯೆಗೆ ಸಿಕ್ಕಿದ್ದಾರೆ. ಇಲ್ಲಿನ ಕನ್ನಡಿಗರಲ್ಲಿ ಹಿರಿಯರಾದ ದಾವಣಗೆರೆ ಕಡೆಯ ಎಂಜಿನಿಯರೊಬ್ಬರು 1974ರಲ್ಲಿ, ಎಲ್ಲರೂ ಮಾರುವ ಹೊತ್ತಿನಲ್ಲಿ, ಅಗ್ಗ ಎಂಬ ಒಂದೇ ಕಾರಣಕ್ಕೆ 1970ರ ಪ್ಲಿಮತ್ ರೋಡ್ ರನ್ನರ್ ಕೊಂಡರು. ಕಾರ್ಟೂನಿನ ಓಡುಹಕ್ಕಿಯ ಹೆಸರಿಗಾಗಿ ಕಂಪನಿ ವಾರ್ನರ್ ಬ್ರದರ್ಸ್‌ಗೆ ದುಡ್ಡು ತೆತ್ತಿತ್ತು. ಹಾರ್ನ್ ಒತ್ತಿದರೆ ಹಕ್ಕಿಯಂತೆಯೇ ‘ಬೀಪ್ ಬೀಪ್’. ನೇರಳೆ ಬಣ್ಣ ಬಳಿದ ಆ ಹಾರ್ನಿನ ಮೇಲೆ ‘ಇದು ರೋಡ್ ರನ್ನರ್ ದನಿ’ ಎಂಬ ಚೀಟಿ ಬೇರೆ.

ಊರಿಂದ ಆಗಷ್ಟೇ ಬಂದಿದ್ದ ಅವರ ಹೆಂಡತಿ ಅಪಾರ್ಟ್‌ಮೆಂಟಿನ ಹಿಂದಿನ ಅಂಗಳದಲ್ಲಿ ಪೂಜೆಗಿಟ್ಟರು. ಬಾನೆಟ್ಟಿಗೆ ಕುಂಕುಮ, ಊದುಬತ್ತಿ, ನಾಲ್ಕು ಚಕ್ರದ ಬುಡಕ್ಕೂ ನಿಂಬೆಹಣ್ಣು. “ನಿಧಾನಕ್ಕೆ ರೀ” ಎಂದರು. ಇವರು ನಿಧಾನಕ್ಕೇ ಕ್ಲಚ್ ಬಿಟ್ಟರಂತೆ. ಕಾರಿಗೆ ಆ ಮಾತು ಗೊತ್ತಿರಲಿಲ್ಲ. ಮುಂದಿನ ಚಕ್ರದ ಹಣ್ಣುಗಳು ಇದ್ದಲ್ಲೇ ಇದ್ದವು. ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಒಂದು ನಿಂಬೆಹಣ್ಣನ್ನು ಅಂಗಳದಾಚೆಗೆ ಚಿಮ್ಮಿಸಿತು. ಎದುರು ಮನೆಯ ಮುದುಕ ಅದನ್ನು ಎತ್ತಿಕೊಂಡು ಬಂದು, ಬಲು ವಿನಯದಿಂದ, “ನಿಮ್ಮ ಕಾರಿಂದ ಇದೇನೋ ಕಳಚಿಬಿತ್ತು” ಎಂದು ಕೈಗಿತ್ತ.

ಚಳಿಗಾಲದ ಹಿಮದಲ್ಲಿ ಆ ಕಾರು ಮನೆಯ ಮುಂದಿನ ಸಣ್ಣ ಏರನ್ನೂ ಹತ್ತುತ್ತಿರಲಿಲ್ಲ. ಮುಂದೆ ಬೆಟ್ಟದಂಥ ಎಂಜಿನ್, ಹಿಂದೆ ಬರೀ ತಗಡು. ಊರಿನವರು ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಿದ್ದರು. ಇವರು ಶಿಕಾಗೋದಿಂದ ತಂದ ಅಕ್ಕಿ ಮೂಟೆಗಳನ್ನೇ ಇಟ್ಟರು. ಮಾರ್ಚ್ ಹತ್ತಿರವಾದಂತೆ ಅಡುಗೆಮನೆಯಲ್ಲಿ ಅಕ್ಕಿ ಕಮ್ಮಿಯಾಗಿ, ಡಿಕ್ಕಿಗೆ ಕೈ ಹೋಗಿ, ಕಾರು ಮತ್ತೆ ಜಾರತೊಡಗುತ್ತಿತ್ತು. ಎರಡನೆಯ ಮಗುವಾದ ಮೇಲೆ ಮಾರಿ ಸ್ಟೇಷನ್ ವ್ಯಾಗನ್ ತಂದರು. ಕೊಳ್ಳಲು ಬಂದವನು ಬಾನೆಟ್ ಎತ್ತಿ ನೋಡಲಿಲ್ಲ. ಹಾರ್ನ್ ಮೂರು ಸಲ ಒತ್ತಿ, ಚೌಕಾಸಿ ಮಾಡದೆ ದುಡ್ಡು ಎಣಿಸಿದನಂತೆ. “ಅವತ್ತೇ ಅನುಮಾನ ಬರಬೇಕಿತ್ತು ನೋಡಿ” ಎನ್ನುತ್ತಾರೆ ಹಿರಿಯರು.

ಈಗ ಕಳೆದುಹೋದದ್ದನ್ನು ಕಟ್ಟಿಕೊಡುವುದೇ ಒಂದು ಉದ್ಯಮ. 1969ರ ಕಮಾರೋದ ಇಡೀ ಒಡಲನ್ನು ಹೊಸ ತಗಡಿನಲ್ಲಿ ಮಾಡಿ ಮಾರುತ್ತಾರೆ. ಅದಕ್ಕೂ ಮೇಲಿನ ಭಕ್ತರಿದ್ದಾರೆ: ಕಾರ್ಖಾನೆಯಲ್ಲಿ ತಪಾಸಣೆಯವನು ಸೀಮೆಸುಣ್ಣದಲ್ಲಿ ಗೀಚಿದ ಗುರುತು, ಬಣ್ಣ ಹೊಡೆಯುವವನ ಅವಸರಕ್ಕೆ ಇಳಿದ ತೊಟ್ಟು, ಇವೆಲ್ಲ ಇದ್ದ ಹಾಗೇ ಮತ್ತೆ ಮೂಡಿಸಿದರೇ ಅವರಿಗೆ ಸಮಾಧಾನ. ಸ್ಪರ್ಧೆಯಲ್ಲಿ ತೀರ್ಪುಗಾರರು ಟಾರ್ಚ್ ಹಿಡಿದು ಕಾರಿನಡಿ ನುಸುಳಿ ಆ ಗೀಚನ್ನು ಹುಡುಕುತ್ತಾರೆ. ಶುಕ್ರವಾರ ಮಧ್ಯಾಹ್ನ ಮನೆಗೆ ಹೋಗುವ ತರಾತುರಿಯಲ್ಲಿ ಒಬ್ಬ ಕೂಲಿಕಾರ ಮಾಡಿದ ಅರೆಬರೆ ಕೆಲಸವನ್ನು ಅಷ್ಟೇ ಅರೆಬರೆಯಾಗಿ ಮಾಡಲು ಇವತ್ತು ಅದರ ಹತ್ತರಷ್ಟು ಕೂಲಿ. ಪ್ಲಿಮತ್ 2001ರಲ್ಲಿ ಮುಚ್ಚಿತು, ಪಾಂಟಿಯಾಕ್ 2010ರಲ್ಲಿ. ಗೀಚುಗಳು ಮಾತ್ರ ತಾಜಾ ಇವೆ.

ಡಾಡ್ಜ್‌ನವರು ಈಚೆಗೆ ಚಾರ್ಜರ್ ಡೇಟೋನಾ ಹೆಸರಿನಲ್ಲೇ ವಿದ್ಯುತ್ ಕಾರು ತಂದಿದ್ದಾರೆ. ಸದ್ದಿಲ್ಲದ ಮಸಲ್ ಕಾರನ್ನು ಯಾರು ಮೂಸುತ್ತಾರೆಂದು ಹೆದರಿ, ಹಳೆಯ ವಿ8ನಂತೆ ಗುಡುಗಲು ಸ್ಪೀಕರಿನ ಏರ್ಪಾಡು ಮಾಡಿದ್ದಾರೆ. ಅಂಥದೊಂದು ವುಡ್‌ವರ್ಡ್‌ನಲ್ಲಿ ನಮ್ಮ ಕುರ್ಚಿಗಳ ಮುಂದೆ ಗುಡುಗಿಕೊಂಡು ಹೋದಾಗ ಪಕ್ಕದ ಮನೆಯ ಯಜಮಾನರು ಮುಖ ತಿರುಗಿಸಿದರು. “ಸೈಲೆನ್ಸರೇ ಇಲ್ಲ, ಬರೀ ನಾಟಕ” ಎಂದರು. ನಮ್ಮ ದಾವಣಗೆರೆ ಹಿರಿಯರೂ ತಲೆಯಾಡಿಸಿದರು. ಹೆಣಿಗೆಯ ಕಡ್ಡಿಗಳು ನಿಂತವು. ಆ ಸದ್ದನ್ನು ಬೇಡವಾದರೆ ಆರಿಸಬಹುದೇ ಎಂದು ಆಕೆ ನನ್ನನ್ನು ಕೇಳಿದರು. ಆರಿಸಬಹುದು ಎಂದೆ.

“ಗುಂಡಿ ಒತ್ತಿದರೆ ಸಾಕೇ?”

ಸಾಕು ಎಂದೆ.

“ಹಾಗಿದ್ದರೆ ಒಂದು ಕೊಳ್ಳೋಣ” ಎಂದು ಗಂಡನ ಕಡೆ ತಿರುಗಿದರು. ಯಜಮಾನರು ಶೆವೆಲ್ ಕತೆಯನ್ನು ಮತ್ತೆ ಮೊದಲಿಂದ ಶುರುಮಾಡಿದರು. ಈ ಸಲ ಹದಿಮೂರು ಸೆಕೆಂಡು.